ಹಳೆಯ ಬಾಕ್ಸ್‌ಸ್ಟರ್‌ನ ಸೈಲೆನ್ಸರ್: ಬೆಸುಗೆಯೋ, ಬದಲಿಯೋ, ಅದಕ್ಕೂ ಮೊದಲು ಎಂಜಿನ್ನೋ?

ಪೋರ್ಷೆ ಬಾಕ್ಸ್‌ಸ್ಟರ್ ಸೆಕೆಂಡ್ ಹ್ಯಾಂಡ್‌ನಲ್ಲಿ ಈಗ ಕೈಗೆಟುಕುವ ಸ್ಪೋರ್ಟ್ಸ್ ಕಾರು. 1996ರಲ್ಲಿ ಬಂದ 986 ಮಾದರಿ, 2005ರಿಂದ 2012ರವರೆಗಿನ 987 ಮಾದರಿ, ಎರಡೂ ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಹೊಸ ಸಾಧಾರಣ ಕಾರಿಗಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಆ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ವಾರಾಂತ್ಯದ ಓಡಾಟಕ್ಕೆಂದು ಇದನ್ನು ಹುಡುಕುವುದುಂಟು. ಕೊಂಡ ಮೊದಲ ತಿಂಗಳಲ್ಲೇ ತಲೆನೋವು ಶುರುವಾಗುವುದು ಸಾಮಾನ್ಯವಾಗಿ ಹಿಂಭಾಗದಿಂದ: ಟಿಕ್ ಟಿಕ್ ಸದ್ದು, ತುಕ್ಕು, ಹೊಗೆ, ಆರದ ಚೆಕ್ ಎಂಜಿನ್ ದೀಪ. ಆಗ ಬಹಳ ಜನ ಹೊಸ ಸೈಲೆನ್ಸರ್ ತರಿಸುತ್ತಾರೆ. ಬರುವ ತೊಂದರೆಗಳಲ್ಲಿ ಅರ್ಧದಷ್ಟು ಸೈಲೆನ್ಸರಿನದ್ದೇ ಆಗಿರುವುದಿಲ್ಲ, ಎಂಜಿನ್ನಿನದ್ದು ಅಲ್ಲಿ ಹೊರಬಂದಿರುತ್ತದೆ. ಉಳಿದರ್ಧದಲ್ಲಿ ಭಾಗದ ಬೆಲೆಗಿಂತ ಹಳೆಯ ಬೋಲ್ಟು ಬಿಚ್ಚುವ ಕೂಲಿ ಹೆಚ್ಚಾಗುತ್ತದೆ. ಈ ಎರಡು ಮಾತು ಮನಸ್ಸಿನಲ್ಲಿದ್ದರೆ ಮುಂದಿನ ಆಯ್ಕೆಗಳೆಲ್ಲ ಸುಲಭ.

ಕಾರಿನ ರಚನೆ ಮೊದಲು. ಎಂಜಿನ್ ಸೀಟುಗಳ ಹಿಂದೆ, ಅದರ ಹಿಂದೆ ಗೇರ್‌ಬಾಕ್ಸ್. ಆರು ಸಿಲಿಂಡರು ಮೂರು ಮೂರಾಗಿ ಎರಡು ಬದಿಗೆ ಮಲಗಿವೆ. ಪ್ರತಿ ಬದಿಯ ಮೂರು ಕೊಳವೆ ಒಂದಾಗಿ ಬರುವ ಭಾಗ ಮ್ಯಾನಿಫೋಲ್ಡ್, ಅದರ ಮುಂದೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಗ್ಯಾರೇಜಿನವರ ಬಾಯಲ್ಲಿ ‘ಕ್ಯಾಟ್’), ಕೊನೆಗೆ ಎರಡೂ ಬದಿ ಸೇರುವ ಒಂದು ದೊಡ್ಡ ಅಡ್ಡ ಸೈಲೆನ್ಸರ್ ಡಬ್ಬಿ. ವರ್ಷ ಮತ್ತು ದೇಶಕ್ಕೆ ತಕ್ಕಂತೆ ಕ್ಯಾಟ್‌ಗಳ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ಭಾಗ ತರಿಸುವಾಗ ಮಾದರಿಯ ಹೆಸರು ನೆಚ್ಚಬೇಡಿ, ಚಾಸಿ ನಂಬರು ಕೊಟ್ಟು ತರಿಸಿ. ಪೋರ್ಷೆಯದೇ ಇನ್ನೊಂದು ಕಾರಾದ 911ರ ವಿವರಣೆ ನೋಡಿಕೊಂಡು ಯಾವ ಬದಿ ಯಾವ ಸಿಲಿಂಡರು ಎಂದು ತೀರ್ಮಾನಿಸುವುದೂ ಬೇಡ. ಬಾಕ್ಸ್‌ಸ್ಟರ್‌ನಲ್ಲಿ ಎಂಜಿನ್ನನ್ನು ಅದಕ್ಕೆ ತಿರುವುಮುರುವಾಗಿ ಕೂರಿಸಿದ್ದಾರೆ.

ಮೊದಲು ಹೊಗೆ ನೋಡಿ

ಚಳಿಗಾಲದ ಬೆಳಗ್ಗೆ ಬಿಳಿ ಆವಿ ಬಂದು ಎರಡು ಮೂರು ನಿಮಿಷದಲ್ಲಿ ಕರಗಿದರೆ ಅದು ಬರೀ ನೀರು. ನಾಲ್ಕು ದಿನ ನಿಂತ ಕಾರು ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಒಮ್ಮೆ ಗುಪ್ಪೆಂದು ಬಂದು ನಿಂತರೆ ಅದಕ್ಕೂ ಹೆದರಬೇಕಿಲ್ಲ. ಸಿಲಿಂಡರುಗಳು ಮಲಗಿರುವುದರಿಂದ ಆಯಿಲ್ ಸ್ವಲ್ಪ ಒಳಗೆ ನಿಂತಿರುತ್ತದೆ, ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಇನ್ನಷ್ಟು.

ಹೆದರಬೇಕಾದ ಹೊಗೆ ಬೇರೆ. ಬಿಸಿಯಾದ ಎಂಜಿನ್‌ನಿಂದ ಬೀದಿ ಮುಚ್ಚುವಷ್ಟು ಬೂದು-ಬಿಳಿ ಮೋಡ ಎದ್ದು, ಐಡ್ಲಿಂಗ್ ತತ್ತರಿಸುತ್ತಿದ್ದರೆ ಎಯರ್-ಆಯಿಲ್ ಸೆಪರೇಟರ್ ಹರಿದಿದೆ ಎಂದೇ ಮೊದಲ ಅನುಮಾನ. ಎಂಜಿನ್ ಒಳಗಿನ ಗಾಳಿಯಿಂದ ಆಯಿಲ್ ಹನಿಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಡಬ್ಬಿ ಅದು, ಒಳಗೊಂದು ರಬ್ಬರ್ ಪೊರೆ. ಪೊರೆ ಹರಿದರೆ ಇನ್‌ಟೇಕ್‌ನ ಸೆಳೆತಕ್ಕೆ ಆಯಿಲ್ ನೇರವಾಗಿ ಸಿಲಿಂಡರಿಗೆ ಹೋಗಿ ಸುಡುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಹಿಂದಿನ ಡಿಕ್ಕಿಯಲ್ಲಿರುವ ಆಯಿಲ್ ಮುಚ್ಚಳವನ್ನು ಬಿಚ್ಚಿ ಎತ್ತಿ. ಸಣ್ಣ ಸೆಳೆತ ತೋರಿ ಎದ್ದರೆ ಸರಿ. ಅಂಟಿಕೊಂಡಂತೆ ಕಚ್ಚಿ ಹಿಡಿದು, ಎತ್ತಿದಾಗ ಜೋರಾಗಿ ಗಾಳಿ ಹೀರಿದರೆ ಸೆಪರೇಟರ್ ಹೋಗಿದೆ. ನಿಖರವಾಗಿ ಬೇಕೆಂದರೆ ಮುಚ್ಚಳದ ಜಾಗಕ್ಕೆ ಮಾನೋಮೀಟರ್ ಜೋಡಿಸಿ ನೋಡಿ: ಆರೋಗ್ಯವಾಗಿದ್ದರೆ ಸೆಳೆತ ಸುಮಾರು 5 ಇಂಚು ನೀರಿನ ಮಟ್ಟದಷ್ಟಿರುತ್ತದೆ, ಹಾಳಾದದ್ದರಲ್ಲಿ ಅದರ ಎರಡರಷ್ಟಾದರೂ ಅಚ್ಚರಿಯಿಲ್ಲ. ಇದಕ್ಕೂ ಮೊದಲು ಆಯಿಲ್ ಮಟ್ಟ ನೋಡಿಕೊಳ್ಳಿ. ಯಾರೋ ಅರ್ಧ ಲೀಟರ್ ಹೆಚ್ಚು ಸುರಿದಿದ್ದರೂ ಇದೇ ಹೊಗೆ ಬರುತ್ತದೆ.

ಬಿಳಿ ಹೊಗೆಯ ಜೊತೆ ಸಿಹಿ ವಾಸನೆ ಬಂದು ಕೂಲಂಟ್ ಕಡಿಮೆಯಾಗುತ್ತಿದ್ದರೆ ಕೂಲಂಟ್ ಒಳಗೆ ಸೋರುತ್ತಿದೆ. ಕಪ್ಪು ಹೊಗೆಯೆಂದರೆ ಪೆಟ್ರೋಲ್ ಹೆಚ್ಚಾಗಿದೆ, ಗಾಳಿ ಅಳೆಯುವ ಸೆನ್ಸರ್ ಅಥವಾ ಕೂಲಂಟ್ ತಾಪದ ಸೆನ್ಸರ್ ನೋಡಿ. ಎಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದೆ, ಒಂದು ಬದಿಯಿಂದ ಟಕಟಕ ಸದ್ದೂ ಕೇಳುತ್ತಿದ್ದರೆ ಸಿಲಿಂಡರ್ ಗೋಡೆಗೆ ಗೀರು ಬಿದ್ದಿರಬಹುದು. 2.5, 2.7 ಲೀಟರ್ ಎಂಜಿನ್‌ಗಳಿಗಿಂತ 3.4 ಲೀಟರಿನದರಲ್ಲಿ ಈ ಅಪಾಯ ಹೆಚ್ಚು. ಸ್ಪಾರ್ಕ್ ಪ್ಲಗ್ ಬಿಚ್ಚಿ ಬೋರ್‌ಸ್ಕೋಪ್ (ಸಣ್ಣ ಕೊಳವೆ ಕ್ಯಾಮೆರಾ) ಬಿಟ್ಟು ನೋಡದೆ ಅಂಥ ಕಾರಿನ ಸೈಲೆನ್ಸರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಹೊಗೆಗೆ ಇಷ್ಟು ಜಾಗ ಕೊಡಲು ಕಾರಣವಿದೆ. ಸುಟ್ಟ ಆಯಿಲ್ ಕ್ಯಾಟ್ ಒಳಗಿನ ಜೇನುಗೂಡಿನ ಮೇಲೆ ಲೇಪವಾಗಿ ಕೂರುತ್ತದೆ. ಸೆಪರೇಟರ್ ಸರಿಮಾಡದೆ ಹೊಸ ಕ್ಯಾಟ್ ಹಾಕಿದರೆ ಅದೂ ಬೇಗ ಸಾಯುತ್ತದೆ. ಸ್ಪಾರ್ಕ್ ಪ್ಲಗ್‌ಗೆ ಕಿಡಿ ಒದಗಿಸುವ ಇಗ್ನಿಷನ್ ಕಾಯಿಲ್‌ಗಳ ಕಥೆಯೂ ಇದೇ. ಮ್ಯಾನಿಫೋಲ್ಡ್ ಶಾಖಕ್ಕೆ ಅವುಗಳ ಹೊರಕವಚ ಕೂದಲೆಳೆಯಷ್ಟು ಬಿರಿಯುತ್ತದೆ. ಮಳೆಗಾಲದಲ್ಲಿ ಮಿಸ್‌ಫೈರ್, ಒಣಹವೆಯಲ್ಲಿ ಏನೂ ಇಲ್ಲ ಎನ್ನುವ ಕಾರುಗಳಲ್ಲಿ ಹೆಚ್ಚಾಗಿ ಇದೇ ಕಾರಣ. ಆ ಸಿಲಿಂಡರಿನ ಸುಡದ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಸುಟ್ಟು ಜೇನುಗೂಡನ್ನೇ ಕರಗಿಸುತ್ತದೆ. ಸ್ಕ್ಯಾನರಿನಲ್ಲಿ ಪಿ0300ರಿಂದ ಪಿ0306ರವರೆಗಿನ ಮಿಸ್‌ಫೈರ್ ಕೋಡ್ ಯಾವುದಾದರೂ ಇದ್ದರೆ ಮೊದಲು ಅದನ್ನು ಮುಗಿಸಿ. ಹಿಂದಿನ ಚಕ್ರ ಬಿಚ್ಚಿದರೆ ಆರೂ ಕಾಯಿಲ್ ಕೈಗೆ ಸಿಗುತ್ತವೆ. ಒಂದೊಂದಕ್ಕೆ ಎರಡು ಬೋಲ್ಟು, 5 ಮಿ.ಮೀ. ಆ್ಯಲನ್ ಕೀ ಸಾಕು, ಮರಳಿ ಕೂರಿಸುವಾಗ 10 ನ್ಯೂಟನ್ ಮೀಟರ್. ಪ್ಲಗ್‌ಗಳನ್ನು ತಣ್ಣಗಿನ ಎಂಜಿನ್‌ನಲ್ಲೇ ಬಿಚ್ಚಬೇಕು, ಬಿಗಿ 30 ನ್ಯೂಟನ್ ಮೀಟರ್. ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಪ್ಲಗ್ ಕೊಳವೆಯ ರಬ್ಬರ್ ಉಂಗುರಗಳು ಗಟ್ಟಿಯಾಗಿವೆ. ಕೊಳವೆ ಎಳೆದು ಎರಡು ಉಂಗುರ ಬದಲಿಸಿದರೆ ಮುಗಿಯಿತು, ಅಗ್ಗದ ಕೆಲಸ.

ಸದ್ದು ಎಲ್ಲಿಂದ?

ತಣ್ಣಗಿದ್ದಾಗ ಟಿಕ್ ಟಿಕ್, ಬಿಸಿಯಾದಂತೆ ಮಾಯ: ಮ್ಯಾನಿಫೋಲ್ಡ್ ಸೋರಿಕೆ. ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುವುದರಿಂದ ಸದ್ದು ಅಡಗುತ್ತದೆ. ಕಾರನ್ನು ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಜೋಡಣೆಯ ಅಂಚಿನಲ್ಲಿ ಕಾಡಿಗೆ ಬಳಿದಂತೆ ಮಸಿಯ ಗೆರೆ ಕಾಣುತ್ತದೆ. ಬಿಸಿಯಾದ ಮೇಲೂ ಟಿಕ್ ಎನ್ನುತ್ತಿದ್ದರೆ ಅದು ಸೋರಿಕೆಯಾಗಿರದೆ ಎಂಜಿನ್ ಒಳಗೆ ಕವಾಟ ಎತ್ತುವ ಲಿಫ್ಟರ್ ಸದ್ದೂ ಆಗಿರಬಹುದು.

ತಗಡು ಅಲ್ಲಾಡಿದಂಥ ಜರ್ರ್ ಸದ್ದಿಗೆ ಬಹುಪಾಲು ಶಾಖ ತಡೆಯುವ ತಗಡೇ ಕಾರಣ. ಅದನ್ನು ಹಿಡಿದ ಸಣ್ಣ ಬೋಲ್ಟಿನ ಸುತ್ತ ತಗಡು ತುಕ್ಕು ತಿಂದು ದೊಡ್ಡ ತೂತಾಗಿರುತ್ತದೆ. ಅಗಲದ ಸ್ಟೀಲ್ ವಾಷರ್ ಹಾಕಿ ಬಿಗಿ ಮಾಡಿ, ತಗಡು ಕಿತ್ತು ಬಿಸಾಡಬೇಡಿ. ಹಾಗೆ ಮಾಡಿದರೆ ಪಕ್ಕದ ವೈರು, ರಬ್ಬರ್ ಬೂಟು ಬೇಯುತ್ತವೆ.

ಡಬ್ಬಿಯೊಳಗೆ ಕಲ್ಲು ಉರುಳಿದಂತಿದ್ದರೆ ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಸೈಲೆನ್ಸರಿನಿಂದ ಬಂದರೆ ಒಳಗಿನ ತಡೆಗೋಡೆ ಬಿಟ್ಟಿದೆ. ಕ್ಯಾಟ್‌ನಿಂದ ಬಂದರೆ ಜೇನುಗೂಡು ಒಡೆದಿದೆ. ಒಡೆದ ಚೂರು ದಾರಿ ಕಟ್ಟಿದರೆ ಪಿಕಪ್ ಬೀಳುತ್ತದೆ. ಖಚಿತಪಡಿಸಿಕೊಳ್ಳಲು ಕ್ಯಾಟ್‌ಗಿಂತ ಮೊದಲಿರುವ ಆಮ್ಲಜನಕ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಹಾಕಿ. ಐಡ್ಲಿಂಗ್‌ನಲ್ಲಿ 1.5 ಪಿಎಸ್‌ಐ ಒಳಗೆ, 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ಒಳಗೆ ಇರಬೇಕು.

ಬೋಲ್ಟು: ನಿಜವಾದ ಖರ್ಚು ಇಲ್ಲಿದೆ

ಮ್ಯಾನಿಫೋಲ್ಡನ್ನು ಅಲ್ಯುಮಿನಿಯಂ ಹೆಡ್‌ಗೆ (ಸಿಲಿಂಡರುಗಳ ಮುಚ್ಚಳ) ಹಿಡಿದಿರುವುದು ಎಂ8 (8 ಮಿ.ಮೀ.) ಉಕ್ಕಿನ ಬೋಲ್ಟುಗಳು, ಬದಿಗೆ ಆರು. ಷಿಕಾಗೊ, ಡೆಟ್ರಾಯಿಟ್ ಕಡೆಯ ಅಥವಾ ಬ್ರಿಟನ್ನಿನ ಕಾರಾದರೆ ಚಳಿಗಾಲದ ರಸ್ತೆಯ ಉಪ್ಪು ತಿಂದು ಬೋಲ್ಟಿನ ತಲೆ ಸಣ್ಣದಾಗಿ, ಗೋಡಂಬಿಯಂತೆ ಸೊಟ್ಟಗಾಗಿರುತ್ತದೆ. 13ರ ಸಾಕೆಟ್ ಜಾರುತ್ತದೆ. ಒತ್ತಿ ತಿರುಗಿಸಿದರೆ ತಲೆ ಮುರಿದು ಕಾಂಡ ಹೆಡ್‌ನಲ್ಲೇ ಉಳಿಯುತ್ತದೆ. ಹನ್ನೆರಡರಲ್ಲಿ ಒಂದೂ ಮುರಿಯದೆ ಬಂದರೆ ಅದೃಷ್ಟ ಎನ್ನಿ. ಅದಕ್ಕೇ ನಮ್ಮ ಮಾತು: ಮ್ಯಾನಿಫೋಲ್ಡ್ ಸೋರದಿದ್ದರೆ, ಬಿರಿಯದಿದ್ದರೆ ಅದರ ಬೋಲ್ಟು ಮುಟ್ಟಬೇಡಿ. ಹತ್ತು ಕುದುರೆಶಕ್ತಿ ಹೆಚ್ಚು ಸಿಗುತ್ತದೆಂಬ ಆಸೆಗೆ ಹೆಡರ್ (ರೇಸಿಂಗ್ ಬಗೆಯ ಮ್ಯಾನಿಫೋಲ್ಡ್) ಹಾಕಲು ಹೋಗಿ ಹೆಡ್ ಕೆಡಿಸಿಕೊಂಡವರಿದ್ದಾರೆ.

ಬಿಚ್ಚಲೇಬೇಕೆಂದಿದ್ದರೆ ಅವಸರ ಬೇಡ. ಮೂರು ದಿನ ಮೊದಲೇ ದಿನಕ್ಕೊಮ್ಮೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಮಧ್ಯೆ ಕಾರು ಓಡಿಸಿ ಬಿಸಿ ಮಾಡಿ ಆರಲು ಬಿಡಿ. ಬಿಸಿ-ತಂಪಿನ ಆಟದಲ್ಲಿ ಎಣ್ಣೆ ಬೋಲ್ಟಿನ ಎಳೆಗಳ (ಥ್ರೆಡ್) ಒಳಗೆ ಇಳಿಯುತ್ತದೆ. ಕೆಲಸದ ದಿನ ತಂತಿ ಬ್ರಷ್‌ನಿಂದ ತಲೆ ಉಜ್ಜಿ. ಹನ್ನೆರಡು ಮೂಲೆಯ ಸಾಕೆಟ್ ಬೇಡವೇ ಬೇಡ, ಆರು ಮೂಲೆಯದು ಹಿಡಿಯಿರಿ. ತಲೆ ಸವೆದಿದ್ದರೆ ಒಂದು ಅಳತೆ ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ. ಮೊದಲು ಕೂದಲೆಳೆಯಷ್ಟು ಬಿಗಿ ದಿಕ್ಕಿಗೆ, ಆಮೇಲೆ ಸಡಿಲ ದಿಕ್ಕಿಗೆ, ಹಾಗೆ ಹಿಂದೆ ಮುಂದೆ ಆಡಿಸುತ್ತಾ ತನ್ನಿ. ಇಂಡಕ್ಷನ್ ಹೀಟರ್ ಇದ್ದರೆ ಬಹಳ ಅನುಕೂಲ, ಬೆಂಕಿ ಇಲ್ಲದೆ ಬೋಲ್ಟನ್ನಷ್ಟೇ ಕೆಂಪಾಗಿಸುತ್ತದೆ. ಗ್ಯಾಸ್ ಟಾರ್ಚ್ ಹಿಡಿಯುವುದಾದರೆ ಸುತ್ತಲಿನ ವೈರು, ಕೂಲಂಟ್ ಪೈಪು, ಚಕ್ರದ ಷಾಫ್ಟಿನ ರಬ್ಬರ್ ಹೊದಿಕೆಗಳಾದ ಸಿವಿ ಬೂಟುಗಳ ಮೇಲೆ ನಿಗಾ ಇರಲಿ.

ಮುರಿದರೆ ಮೂರು ದಾರಿ. ಕಾಂಡ ಸ್ವಲ್ಪ ಹೊರಗೆ ಉಳಿದಿದ್ದರೆ ಅದರ ಮೇಲೆ ನಟ್ಟು ಇಟ್ಟು ಒಳಗಿನಿಂದ ವೆಲ್ಡ್ ಮಾಡಿ, ಕೆಂಪು ಇಳಿದ ಕೂಡಲೇ ತಿರುಗಿಸಿ. ವೆಲ್ಡಿಂಗ್ ಶಾಖವೇ ತುಕ್ಕು ಬಿಡಿಸುತ್ತದೆ, ಮೊದಲ ನಟ್ಟು ಕಿತ್ತು ಬಂದರೆ ಎರಡನೆಯದು, ಮೂರನೆಯದು ಹಾಕಿ. ಮೂರರಲ್ಲಿ ಒಳ್ಳೆಯದು ಇದೇ. ಕಾಂಡ ಹೆಡ್‌ಗೆ ಸಮವಾಗಿ ಮುರಿದಿದ್ದರೆ ಡ್ರಿಲ್ ಮಾಡಬೇಕು. ಇಲ್ಲಿ ಕೈ ಅಂದಾಜಿಗೆ ಜಾಗವಿಲ್ಲ. ಉಕ್ಕು ಗಟ್ಟಿ, ಅಲ್ಯುಮಿನಿಯಂ ಮೆತ್ತಗೆ, ಬಿಟ್ ಮೆತ್ತಗಿನ ಕಡೆಗೇ ಜಾರುತ್ತದೆ. ಪಕ್ಕದ ಬೋಲ್ಟು ತೂತಿಗೆ ಹಿಡಿಸುವ ಡ್ರಿಲ್ ಜಿಗ್ ಬಾಡಿಗೆಗೋ ಕೊಂಡೋ ತಂದು 3 ಮಿ.ಮೀ.ನಿಂದ ಶುರು ಮಾಡಿ, 5ಕ್ಕೆ ಏರಿಸಿ, 6.8ಕ್ಕೆ ನಿಲ್ಲಿಸಿ, ಎಂ8 ಟ್ಯಾಪ್ ಬಿಟ್ಟು ಎಳೆ ಶುದ್ಧಮಾಡಿ. ಎಳೆ ಕೆಟ್ಟಿದ್ದರೆ ಉಕ್ಕಿನ ಎಳೆ-ತೋಳು (ಥ್ರೆಡ್ ಇನ್ಸರ್ಟ್) ಕೂರಿಸಿ. ಮೂರನೆಯ ದಾರಿ ಎಂಜಿನ್ ಇಳಿಸಿ ಮಷಿನ್ ಶಾಪಿಗೆ ಕೊಡುವುದು. ಕ್ಲಚ್ ಅಥವಾ ಬೇರಿಂಗ್ ಕೆಲಸವೂ ಬಾಕಿ ಇದ್ದರೆ ಮಾತ್ರ ಅದು ಲಾಭ. ಮುರಿದ ಬೋಲ್ಟು ಕೀಳುವ ಸಣ್ಣ ಎಕ್ಸ್‌ಟ್ರಾಕ್ಟರ್ ಕಡೆ ಹೋಗಬೇಡಿ. ಅದು ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ.

ಮರಳಿ ಹಾಕುವಾಗ ಬೋಲ್ಟು, ಗ್ಯಾಸ್ಕೆಟ್ ಎರಡೂ ಹೊಸವು. ಬೋಲ್ಟು ಕಚ್ಚದಂತೆ ತಡೆಯುವ ನಿಕ್ಕಲ್ ಆಧಾರಿತ ಆ್ಯಂಟಿಸೀಜ್ ತೆಳುವಾಗಿ ಬಳಿಯಿರಿ. ನಡುವಿನಿಂದ ಹೊರಗೆ, ಎರಡು ಸುತ್ತಿನಲ್ಲಿ, ಸುಮಾರು 25 ನ್ಯೂಟನ್ ಮೀಟರ್‌ವರೆಗೆ ಬಿಗಿಮಾಡಿ.

ಸೈಲೆನ್ಸರ್ ಡಬ್ಬಿ: ಐದು ಆಯ್ಕೆ

ಅದೃಷ್ಟಕ್ಕೆ ಡಬ್ಬಿ ಬಿಚ್ಚಲು ಮ್ಯಾನಿಫೋಲ್ಡ್ ಬೋಲ್ಟು ಮುಟ್ಟಬೇಕಿಲ್ಲ. ಎರಡು ಬದಿಯ ಕ್ಲಾಂಪ್ ಮತ್ತು ಗೇರ್‌ಬಾಕ್ಸಿಗೆ ಹಿಡಿಸಿದ ಬ್ರಾಕೆಟ್ ಬಿಚ್ಚಿದರೆ ಇಳಿಯುತ್ತದೆ. ತೂಕ ಸುಮಾರು 20 ಕಿಲೋ, ಕೆಳಗೆ ಜ್ಯಾಕ್ ಅಥವಾ ಇನ್ನೊಬ್ಬರ ಕೈ ಇರಲಿ. ಕಾರು ಸ್ಟ್ಯಾಂಡ್ ಮೇಲೆ ನಿಂತಿರಬೇಕು, ಜ್ಯಾಕ್ ನೆಚ್ಚಿ ಕೆಳಗೆ ನುಗ್ಗಬಾರದು. ತುಕ್ಕು ಮೊದಲು ತಿನ್ನುವುದು ಡಬ್ಬಿಯನ್ನಲ್ಲ, ಕ್ಲಾಂಪು ಮತ್ತು ಫ್ಲ್ಯಾಂಜನ್ನು. ಕ್ಲಾಂಪಿನ ಬೋಲ್ಟಿಗೆ ಹೆಣಗಾಡುವುದು ದಂಡ, ಗ್ರೈಂಡರಿನಿಂದ ಕತ್ತರಿಸಿ ಹೊಸ ಸ್ಟೇನ್‌ಲೆಸ್ ಕ್ಲಾಂಪ್ ಹಾಕಿ.

ಬೆಸುಗೆ ಹಾಕಿಸಿ ಮುಂದುವರಿಯುವುದು ಮೊದಲ ಆಯ್ಕೆ. ತೂತು ಒಂದೇ ಕಡೆ ಇದ್ದು, ಸುತ್ತಲಿನ ತಗಡು ಸ್ಕ್ರೂಡ್ರೈವರಿಂದ ಒತ್ತಿದರೆ ಒಳಗೆ ಹೋಗದಷ್ಟು ಗಟ್ಟಿಯಿದ್ದರೆ ಇದೇ ಸಾಕು. ಟಿಗ್ ವೆಲ್ಡಿಂಗ್, ಸ್ಟೇನ್‌ಲೆಸ್ ಕಡ್ಡಿ ಎಂದು ಹೇಳಿ ಮಾಡಿಸಿ. ಮಾಮೂಲಿ ಕಬ್ಬಿಣದ ಕಡ್ಡಿಯಲ್ಲಿ ಹಾಕಿದ ಬೆಸುಗೆ ಎರಡು ಚಳಿಗಾಲ ಕಾಣುವುದಿಲ್ಲ. ಕಾರಿನ ಮೇಲೇ ವೆಲ್ಡ್ ಮಾಡುವುದಾದರೆ ಬ್ಯಾಟರಿ ಕಳಚುವುದು ಕಡ್ಡಾಯ. ಪೇಸ್ಟು, ಪಟ್ಟಿ ಸುತ್ತುವುದು ಊರು ಸೇರಲು ಮಾತ್ರ.

ಬಿಸಿಲು ನಾಡಿನ ಕಾರಿನಿಂದ ಕಳಚಿದ ಹಳೆಯ ಮೂಲ ಡಬ್ಬಿ ಎರಡನೆಯದು. ನಮ್ಮ ಮೆಚ್ಚುಗೆ ಇದಕ್ಕೇ ಹೆಚ್ಚು. ಜೋರು ಸದ್ದಿಗಾಗಿ ಹೊಸ ಡಬ್ಬಿ ಹಾಕಿಸಿಕೊಂಡವರು ಮೂಲದ್ದನ್ನು ಅಗ್ಗಕ್ಕೆ ಮಾರುತ್ತಾರೆ. ಅರಿಜೋನಾ, ಕ್ಯಾಲಿಫೋರ್ನಿಯಾದ್ದಾದರೆ ತುಕ್ಕೇ ಇರುವುದಿಲ್ಲ. ತರಿಸುವ ಮೊದಲು ಮಾರುವವರಿಂದ ಕೊಳವೆ ತುದಿ ಹಾಗೂ ಬ್ರಾಕೆಟ್ ಕಿವಿಗಳ ಫೋಟೊ, ಡಬ್ಬಿ ಅಲ್ಲಾಡಿಸುವ ವಿಡಿಯೊ ಕೇಳಿ. 986, 987ರ ಡಬ್ಬಿಗಳು ಒಂದಕ್ಕೊಂದು ನೇರವಾಗಿ ಹೊಂದುತ್ತವೆ ಎಂದುಕೊಳ್ಳಬೇಡಿ.

987ಕ್ಕೆ ಕಂಪನಿಯೇ ಕೊಡುತ್ತಿದ್ದ ಸ್ಪೋರ್ಟ್ಸ್ ಎಕ್ಸಾಸ್ಟ್ ಮೂರನೆಯದು. ಒಳಗೆ ನಿರ್ವಾತದಿಂದ ತೆರೆಯುವ ಕವಾಟವಿದೆ, ಗುಂಡಿ ಒತ್ತಿದರೆ ಜೋರು, ಬಿಟ್ಟರೆ ಸೌಮ್ಯ. ಮನೆಯಲ್ಲಿ ಮಗು ಮಲಗಿರುವಾಗ ಹೊರಡುವವರಿಗೂ ಹೆದ್ದಾರಿಯಲ್ಲಿ ನೂರಾರು ಮೈಲಿ ಹೋಗುವವರಿಗೂ ಇದಕ್ಕಿಂತ ಹೊಂದುವುದು ಇನ್ನೊಂದಿಲ್ಲ. ಹಳೆಯದು ಕೊಂಡರೆ ಕವಾಟದ ಕೀಲು ಕೈಯಿಂದ ಆಡುತ್ತದೆಯೇ ನೋಡಿ, ಬಿರಿದ ನಿರ್ವಾತ ಕೊಳವೆಗಳನ್ನು ಬದಲಿಸಿ. ವೈರಿಂಗ್, ಸ್ವಿಚ್ ಇಲ್ಲದ ಕಾರಿಗೆ ಅವನ್ನೂ ಹೊಂದಿಸಬೇಕಾಗುತ್ತದೆ.

ಬೇರೆ ಕಂಪನಿಗಳ ಸ್ಟೇನ್‌ಲೆಸ್ ಡಬ್ಬಿ ನಾಲ್ಕನೆಯದು. ಇಲ್ಲಿ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. 304 ದರ್ಜೆಯ ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಹೆಚ್ಚುಕಡಿಮೆ ಹಿಡಿಯುವುದಿಲ್ಲ, 409 ದರ್ಜೆಗೆ ಗಟ್ಟಿಯಾಗಿ ಹಿಡಿಯುತ್ತದೆ. 409 ಮೇಲ್ಮೈ ತುಕ್ಕು ಕಾಣಿಸುತ್ತದೆ, 304 ವರ್ಷಗಟ್ಟಲೆ ಹಾಗೇ ಇರುತ್ತದೆ. 304 ಬೆಲೆ ಕೊಟ್ಟು 409 ಕೊಳ್ಳಬೇಡಿ. ಎರಡನೆಯ ಎಚ್ಚರ ಗುಂಯ್‌ಗುಡುವ ಸದ್ದು. ಹಲವು ಡಬ್ಬಿಗಳು 2,500ರಿಂದ 3,000 ಆರ್‌ಪಿಎಂ ನಡುವೆ, ಅಂದರೆ ಸರಿಯಾಗಿ ಹೆದ್ದಾರಿ ವೇಗದಲ್ಲಿ, ಕಿವಿಯೊಳಗೆ ಗುಂಯ್ ಎನ್ನುತ್ತವೆ. ಎಂಜಿನ್ ಬೆನ್ನ ಹಿಂದೆಯೇ ಇರುವ ಬಟ್ಟೆ ಛಾವಣಿಯ ಕಾರಿನಲ್ಲಿ ಅದು ದುಪ್ಪಟ್ಟು. ನಿಂತ ಕಾರಿನ ವಿಡಿಯೊ ನೋಡಿ ಮರುಳಾಗದೆ, ಹೆದ್ದಾರಿಯಲ್ಲಿ ಕ್ಯಾಬಿನ್ ಒಳಗೆ ತೆಗೆದದ್ದು ಕೇಳಿ.

ಮೂಲ ಡಬ್ಬಿಗೇ ತೂತು ಕೊರೆದು ಒಳಬರುವ ಕೊಳವೆಯಿಂದ ಹೊರಹೋಗುವ ಕೊಳವೆಗೆ ಅಡ್ಡದಾರಿ ಬೆಸೆಯುವ ಬೈಪಾಸ್ ಐದನೆಯದು. ಬಹಳ ಅಗ್ಗ, ಸದ್ದು ಚೆನ್ನ. ಮತ್ತೆ ಹಿಂದಿನಂತೆ ಮಾಡುವುದು ಕಷ್ಟ, ತಪಾಸಣೆಯಲ್ಲಿ ಕೇಳಿದರೆ ತೋರಿಸಲು ಯಾವ ಪ್ರಮಾಣಪತ್ರವೂ ಇರುವುದಿಲ್ಲ. ಮಾಡಿಸುವುದಾದರೆ ಇನ್ನೊಂದು ಹಳೆಯ ಡಬ್ಬಿಗೆ ಮಾಡಿಸಿ, ನಿಮ್ಮ ಮೂಲದ್ದನ್ನು ಅಟ್ಟದ ಮೇಲಿಡಿ.

ಕ್ಯಾಟ್: ಕಾನೂನೇ ಆಯ್ಕೆ ಮಾಡುತ್ತದೆ

ಪಿ0420 ಒಂದನೆಯ ಬದಿಯ ಕ್ಯಾಟ್, ಪಿ0430 ಎರಡನೆಯದು. ಕೋಡ್ ಬಂತೆಂದು ಕ್ಯಾಟ್ ಸತ್ತಿತು ಎಂದಲ್ಲ. ಕ್ಯಾಟ್‌ಗಿಂತ ಮೊದಲು ಸೋರಿಕೆಯಿದ್ದರೆ ಹೊರಗಿನ ಗಾಳಿ ಒಳಸೇರಿ ಸೆನ್ಸರ್ ಮೋಸಹೋಗುತ್ತದೆ. ಮೊದಲು ಹೊಗೆ ಯಂತ್ರದಿಂದ ಸೋರಿಕೆ ಪರೀಕ್ಷೆ, ಆಮೇಲೆ ಸ್ಕ್ಯಾನರಿನಲ್ಲಿ ದೀರ್ಘಾವಧಿ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲ್ ಹೆಚ್ಚುಕಡಿಮೆ ಮಾಡುತ್ತಿರುವ ಪ್ರಮಾಣ). ಐದು ಪರ್ಸೆಂಟ್ ಒಳಗಿದ್ದರೆ ನೆಮ್ಮದಿ, ಹತ್ತು ದಾಟಿದರೆ ಎಲ್ಲೋ ಗಾಳಿ ಸೋರುತ್ತಿರಬಹುದು. ನಂತರ ಕ್ಯಾಟ್ ಆದ ಮೇಲಿರುವ ಹಿಂದಿನ ಆಮ್ಲಜನಕ ಸೆನ್ಸರ್: ಒಳ್ಳೆಯ ಕ್ಯಾಟ್ ಇದ್ದರೆ ಅದರ ವೋಲ್ಟೇಜ್ ಹೆಚ್ಚುಕಡಿಮೆ ಸ್ಥಿರ, ಮುಂದಿನದರಂತೆ ಏರಿಳಿದರೆ ಕ್ಯಾಟ್ ಹೋಗಿದೆ. ಸೆನ್ಸರಿಗೆ 22ರ ಸೀಳು ಸಾಕೆಟ್, ಬಿಸಿ ಇರುವಾಗ ಬಿಚ್ಚುವುದು ಸುಲಭ. ಪಿ0410 ಅಥವಾ ಪಿ1411 ಬಂದಿದ್ದರೆ ಅದು ಕ್ಯಾಟ್ ಅಲ್ಲ, ತಣ್ಣನೆಯ ಸ್ಟಾರ್ಟ್‌ನಲ್ಲಿ ಗಾಳಿ ಊದುವ ಪಂಪಿನ ಸಾಲಿನದು.

ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಪರೀಕ್ಷೆ. 1999ರವರೆಗಿನ ಮಾದರಿಗೆ ಕೊಳವೆಯಿಂದ ಹೊಗೆ ಅಳೆಯುತ್ತಾರೆ, 2000 ಮತ್ತು ನಂತರದ್ದಕ್ಕೆ ಕಾರಿನ ಕಂಪ್ಯೂಟರನ್ನು ಓದುತ್ತಾರೆ. ಎರಡರಲ್ಲೂ ಕಣ್ಣಳತೆಯ ಪರೀಕ್ಷೆ ಇದೆ. ಬೇರೆ ಕಂಪನಿಯ ಕ್ಯಾಟ್ ಆದರೆ ಅದರ ಮೇಲೆ ರಾಜ್ಯದ ಅನುಮತಿ ಸಂಖ್ಯೆ ಕೆತ್ತಿರಬೇಕು, ಅದು ನಿಮ್ಮ ವರ್ಷ ಮತ್ತು ಎಂಜಿನ್ನಿಗೇ ಹೊಂದಬೇಕು. ಬಳಸಿದ ಕ್ಯಾಟ್ ಮಾರುವುದಕ್ಕೂ ಕೂರಿಸುವುದಕ್ಕೂ ಅಲ್ಲಿ ಅವಕಾಶವಿಲ್ಲ. ಹಾಗಾಗಿ ಅಲ್ಲಿ ಉಳಿಯುವುದು ಎರಡೇ ಆಯ್ಕೆ, ಕಂಪನಿಯದ್ದು ಅಥವಾ ಅನುಮತಿ ಸಂಖ್ಯೆಯದ್ದು. ಬ್ರಿಟನ್ನಿನ ವಾಹನ ತಪಾಸಣೆಯಾದ ಎಂಒಟಿಯಲ್ಲಿ ಕಾರ್ಖಾನೆಯಿಂದ ಬಂದ ಕ್ಯಾಟ್ ಕಾಣೆಯಾಗಿದ್ದರೆ ಫೇಲ್. ವೇಗದ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.2 ಪರ್ಸೆಂಟ್, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಳತೆ) 0.97ರಿಂದ 1.03 ಒಳಗಿರಬೇಕು. ಲ್ಯಾಂಬ್ಡಾ ಮೇಲೆ ಹೋಗಿದ್ದರೆ ಕ್ಯಾಟ್ ಕೊಳ್ಳುವ ಮುನ್ನ ಸೋರಿಕೆ ಹುಡುಕಿ. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆಯ ತಪಾಸಣೆಗೆ ಸೈಲೆನ್ಸರಿನ ಮೇಲೆ ಇ-ಗುರುತು (ಯುರೋಪಿನ ಅನುಮೋದನೆಯ ಮುದ್ರೆ) ಅಥವಾ ಕಾಗದ ಬೇಕು. ಅಗ್ಗದ ಕ್ಯಾಟ್‌ಗಳಲ್ಲಿ ಬೆಲೆಬಾಳುವ ಲೋಹದ ಲೇಪ ತೆಳು, ಅದೇ ಕೋಡ್ ಬೇಗ ಮರಳುತ್ತದೆ. ಎರಡು ಸಲ ಕೂಲಿ ಕೊಡುವುದಕ್ಕಿಂತ ಒಂದು ಸಲ ಒಳ್ಳೆಯದು ಹಾಕಿ.

ಕೊಳ್ಳುವ ಮೊದಲು ಸ್ಕ್ಯಾನರ್ ಹಾಕಿ ರೆಡಿನೆಸ್ ಮಾನಿಟರ್‌ಗಳನ್ನು (ಕಾರು ತನ್ನನ್ನೇ ಪರೀಕ್ಷಿಸಿಕೊಂಡ ದಾಖಲೆ) ನೋಡುವುದು ಮರೆಯಬೇಡಿ. ದೀಪ ಆರಿದ್ದು, ಮಾನಿಟರ್‌ಗಳೆಲ್ಲ ಅಪೂರ್ಣ ಎಂದಿದ್ದರೆ ಯಾರೋ ನಿನ್ನೆ ಮೊನ್ನೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ.

ಯಾವ ಮಾದರಿ, ಯಾವ ಕೆಲಸಕ್ಕೆ ಹಣ

ಈ ಎಂಜಿನ್ನಿನ ಹೆಸರು ಕೆಡಿಸಿದ್ದು ಮಧ್ಯದ ಷಾಫ್ಟಿನ ಬೇರಿಂಗ್, ಎಲ್ಲರೂ ಐಎಂಎಸ್ ಎನ್ನುತ್ತಾರೆ. 1997ರಿಂದ 99ರ 2.5ರಲ್ಲಿ ಎರಡು ಸಾಲಿನ ಬೇರಿಂಗ್, ಅಪಾಯ ಕಡಿಮೆ. 2000ದ ಸುಮಾರಿಗೆ ಒಂದು ಸಾಲಿನದು ಬಂತು, 2005ರವರೆಗೆ ಅದೇ. ಅಪಾಯ ಹೆಚ್ಚಿರುವುದು ಇಲ್ಲಿ. 2006ರಿಂದ 2008ರದ್ದು ದೊಡ್ಡದು, ಗಟ್ಟಿ, ಆದರೆ ಎಂಜಿನ್ ಬಿಡಿಸದೆ ತೆಗೆಯಲಾಗದು. 2009ರ 987ರಲ್ಲಿ ಎಂಜಿನ್ನೇ ಹೊಸದು, ಆ ಷಾಫ್ಟೇ ಇಲ್ಲ. ಅದರಲ್ಲೂ 2.9ರಲ್ಲಿ ಪೆಟ್ರೋಲ್ ಇನ್‌ಟೇಕ್ ದಾರಿಯಲ್ಲಿ ಸಿಂಪಡಣೆಯಾಗುವುದರಿಂದ ಕವಾಟದ ಮೇಲೆ ಮಸಿ ಕಟ್ಟುವ ತೊಂದರೆಯೂ ಇಲ್ಲ. ನೇರ ಇಂಜೆಕ್ಷನ್ ಇರುವುದು 3.4 ಎಸ್‌ಗೆ. ಹಣ ಹೊಂದುತ್ತದೆ ಎಂದರೆ ಕಣ್ಣು ಮುಚ್ಚಿ 2009ರ ನಂತರದ 2.9 ಹುಡುಕಿ.

ಒಂದು ಸಾಲಿನ ಬೇರಿಂಗ್ ಇರುವ ಕಾರಾದರೆ ಸೈಲೆನ್ಸರಿಗಿಂತ ಮೊದಲು ಇದರ ತೀರ್ಮಾನವಾಗಲಿ. ಬೇರಿಂಗಿಗಾಗಿಯೇ ಗೇರ್‌ಬಾಕ್ಸ್ ಇಳಿಸುವ ಬದಲು ಕ್ಲಚ್ ಬದಲಿಸುವಾಗ ಜೊತೆಯಲ್ಲೇ ಮಾಡಿಸಿ, ಹಿಂದಿನ ಆಯಿಲ್ ಸೀಲೂ ಆಗ ಹಾಕಿಬಿಡಿ. ಅದಕ್ಕೆ ಹೇಗೂ ಸೈಲೆನ್ಸರ್ ಇಳಿಯುತ್ತದೆ, ಡಬ್ಬಿ ಬದಲಿಸಲು ಅದೇ ಮುಹೂರ್ತ. ಮಾಡುವ ಮೆಕ್ಯಾನಿಕ್ಕನ್ನು ಒಂದೇ ಪ್ರಶ್ನೆ ಕೇಳಿ: ಬೇರಿಂಗ್ ಮುಚ್ಚಳ ಬಿಚ್ಚುವ ಮುನ್ನ ಕ್ರ್ಯಾಂಕ್, ಕ್ಯಾಮ್ ಲಾಕ್ ಮಾಡಿ ಚೈನ್ ಟೆನ್ಷನರ್‌ಗಳನ್ನು ತೆಗೆಯುತ್ತೀರಾ? ಇಲ್ಲ ಎಂದರೆ ಬೇರೆಯವರನ್ನು ನೋಡಿ. ಟೆನ್ಷನರ್ ಒತ್ತಡಕ್ಕೆ ಷಾಫ್ಟ್ ಓರೆಯಾಗಿ ಕ್ಯಾಮ್ ಟೈಮಿಂಗ್ ಜಾರಿದರೆ ಕವಾಟಗಳಿಗೆ ಪಿಸ್ಟನ್ ಬಡಿಯುತ್ತದೆ. ಆಯಿಲ್‌ನಲ್ಲಿ ಈಗಾಗಲೇ ಲೋಹದ ಪುಡಿ ಇದ್ದರೆ ಹೊಸ ಬೇರಿಂಗ್ ಹಾಕಿ ಪ್ರಯೋಜನವಿಲ್ಲ, ಆ ಪುಡಿ ಅದನ್ನೂ ತಿನ್ನುತ್ತದೆ.

ಅದನ್ನು ತಿಳಿಯುವ ದಾರಿ ಪ್ರತಿ ಸಲ ಆಯಿಲ್ ಫಿಲ್ಟರ್ ಬಿಡಿಸಿ ನೋಡುವುದು. 986ಕ್ಕೆ ಫಿಲ್ಟರ್ ಸೇರಿ ಸುಮಾರು 8.5 ಲೀಟರ್ 0ಡಬ್ಲ್ಯು-40 ಹಿಡಿಯುತ್ತದೆ. ಫಿಲ್ಟರ್ ಬಟ್ಟಲಿಗೆ 74 ಮಿ.ಮೀ.ನ ಟೋಪಿ ಪಾನಾ, ಮರಳಿ 25 ನ್ಯೂಟನ್ ಮೀಟರ್. ಡ್ರೈನ್ ಪ್ಲಗ್ಗಿಗೆ 8ರ ಆ್ಯಲನ್, ಹೊಸ ವಾಷರ್, 50 ನ್ಯೂಟನ್ ಮೀಟರ್. ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆ ಮೇಲೆ ಹಿಂಡಿ ಬಿಸಿಲಿನಲ್ಲಿ ನೋಡಿ. ಕಂದು ಪ್ಲಾಸ್ಟಿಕ್ ಚೂರು ಚೈನ್ ಸವೆಯುವ ಪಟ್ಟಿಯದ್ದು, ಒಂದೆರಡಕ್ಕೆ ಗಾಬರಿ ಬೇಡ. ಮಿನುಗುವ ಚೂರು ಅಯಸ್ಕಾಂತಕ್ಕೆ ಅಂಟಿದರೆ ಕಾರು ಓಡಿಸುವುದು ನಿಲ್ಲಿಸಿ. ವರ್ಷಕ್ಕೊಮ್ಮೆ ಅಥವಾ 8,000 ಕಿ.ಮೀ.ಗೆ ಆಯಿಲ್ ಬದಲಿಸಿ, ಕಂಪನಿ ಹೇಳಿದ ದೂರದ ಅಂತರ ಈ ವಯಸ್ಸಿನ ಕಾರಿಗೆ ಹೆಚ್ಚಾಯಿತು.

ಆಮೇಲಿನ ಸರದಿ ನೀರಿನ ಪಂಪು. ಪುಲ್ಲಿ ಹಿಡಿದು ಅಲ್ಲಾಡಿಸಿ, ಆಟವಿದ್ದರೆ ಅಥವಾ ಗುಲಾಬಿ ಬಣ್ಣದ ಕಲೆ ಇಳಿದಿದ್ದರೆ ತಡಮಾಡಬೇಡಿ. ಪ್ಲಾಸ್ಟಿಕ್ ರೆಕ್ಕೆ ಮುರಿದರೆ ಚೂರು ನೀರಿನ ದಾರಿಗಳಲ್ಲಿ ಸಿಕ್ಕಿಕೊಳ್ಳುತ್ತದೆಂದು ಲೋಹದ ರೆಕ್ಕೆಯ ಪಂಪ್ ಹಾಕುವವರಿದ್ದಾರೆ. ಅದರ ಬೇರಿಂಗ್ ಸವೆದಾಗ ಲೋಹದ ರೆಕ್ಕೆ ಎಂಜಿನ್ ಬ್ಲಾಕನ್ನೇ ಕೆರೆಯುತ್ತದೆ. ಮೂಲ ಪಂಪನ್ನೇ ಐದು ವರ್ಷಕ್ಕೊಮ್ಮೆ ಬದಲಿಸುವುದು ಲೇಸು. 986ರ ಹಿಂದಿನ ಡಿಕ್ಕಿಯ ಕಾರ್ಪೆಟ್ ಒದ್ದೆಯಿದ್ದರೆ ಕೂಲಂಟ್ ಟ್ಯಾಂಕ್ ಬಿರಿದಿರಬಹುದು. ಮುಂಭಾಗದ ರೇಡಿಯೇಟರ್ ಕಿಂಡಿಗಳಲ್ಲಿ ಒಣಗಿದ ಎಲೆ ತುಂಬಿರುವುದು ಈ ಕಾರಿನ ಜನ್ಮಗುಣ, ಬಂಪರ್ ಬಿಚ್ಚಿ ವರ್ಷಕ್ಕೊಮ್ಮೆ ತೆಗೆಯಿರಿ.

ಬೆಂಗಳೂರಿನಲ್ಲಿ ಇಟ್ಟುಕೊಂಡವರಿಗೆ

ಇಲ್ಲಿ ರಸ್ತೆ ಉಪ್ಪಿಲ್ಲ, ಆದ್ದರಿಂದ ಬೋಲ್ಟುಗಳು ಎಷ್ಟೋ ಸಲೀಸು. ಮಂಗಳೂರು, ಉಡುಪಿಯ ಕಡಲ ಗಾಳಿಯಲ್ಲಿ ನಿಂತ ಕಾರಿಗೆ ಈ ಮಾತು ಅನ್ವಯಿಸುವುದಿಲ್ಲ. ಇಲ್ಲಿನ ಕಾಟವೆಂದರೆ ಹಂಪು, ಇಲಿ ಮತ್ತು ನಿಂತೇ ಇರುವುದು. ಹಂಪಿಗೆ ಬಡಿದ ಕಾರಿನ ಸೈಲೆನ್ಸರ್ ಬ್ರಾಕೆಟ್ ಬಿರಿದಿದೆಯೇ ನೋಡಿ. ಇಲಿ ಆಮ್ಲಜನಕ ಸೆನ್ಸರಿನ ವೈರು ಕಡಿದಿರಬಹುದು, ಕೋಡ್ ಬಂದರೆ ಸೆನ್ಸರ್ ತರಿಸುವ ಮೊದಲು ವೈರು ಬೆರಳಿನಿಂದ ಸವರಿ ನೋಡಿ. ಮಳೆಗಾಲಕ್ಕೆ ಮುಂಚೆ ಛಾವಣಿ ಮಡಚುವ ಜಾಗದ ನೀರಿನ ಕಿಂಡಿಗಳನ್ನು ಸ್ವಚ್ಛಮಾಡಿ. ಅವು ಕಟ್ಟಿಕೊಂಡರೆ ನೀರು ಸೀಟಿನ ಕೆಳಗಿನ ಇಮ್ಮೊಬಿಲೈಸರ್ ಡಬ್ಬಿಗೆ ಇಳಿದು ಕಾರು ಸ್ಟಾರ್ಟೇ ಆಗುವುದಿಲ್ಲ. ಈಗ ಬಂಕುಗಳಲ್ಲಿ ಸಿಗುವ ಮಾಮೂಲಿ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಇದೆ, ಈ ಕಾರುಗಳ ರಬ್ಬರ್ ಅಷ್ಟಕ್ಕೆ ತಯಾರಾದದ್ದಲ್ಲ. ಇಂಧನ ಪೈಪುಗಳ ತುದಿ ಬೆವರುತ್ತಿದೆಯೇ ಎಂದು ಆಗಾಗ ನೋಡುತ್ತಿರಿ, ಬಿಸಿ ಮ್ಯಾನಿಫೋಲ್ಡ್ ಪಕ್ಕದಲ್ಲೇ ಇದೆ. ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಯಾವ ಆಯ್ಕೆ ಮಾಡಿದರೂ ಜೋಡಣೆಯ ದಿನ ಕ್ಲಾಂಪುಗಳನ್ನು ಮೊದಲು ಸಡಿಲವಾಗಿಯೇ ಇಟ್ಟು, ಡಬ್ಬಿಯ ತುದಿ ಬಂಪರ್ ಕಿಂಡಿಯ ನಡುವೆ ಸಮವಾಗಿ ಬಂದ ಮೇಲೆ ಬಿಗಿಮಾಡಿ. ಸುತ್ತ ಒಂದು ಬೆರಳಷ್ಟು ಸಂದು ಇರಲಿ, ಬಿಸಿಗೆ ಡಬ್ಬಿ ಹಿಗ್ಗಿದಾಗ ಬಂಪರ್ ಪ್ಲಾಸ್ಟಿಕ್ ಕರಗಬಾರದು. ಮೊದಲ ಸ್ಟಾರ್ಟ್‌ನಲ್ಲಿ ಉಳಿದ ಎಣ್ಣೆ ಸುಟ್ಟು ಹೊಗೆಯಾಡುತ್ತದೆ, ಹತ್ತು ನಿಮಿಷದಲ್ಲಿ ನಿಲ್ಲಬೇಕು. 100 ಕಿ.ಮೀ. ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಪ್ರತಿ ಕ್ಲಾಂಪಿಗೂ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಮ್ಯಾನಿಫೋಲ್ಡ್ ಬಿಚ್ಚಿದ್ದರೆ ಆ ಬೋಲ್ಟುಗಳಿಗೂ ಅದೇ 25ರಲ್ಲಿ ಇನ್ನೊಂದು ಸುತ್ತು.